ಬೆಕ್ಕಿಗೆ ಹೋದ ಹೆಸರು

ಸಿಂಧನೂರಿನ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಮಾಡುವುದು ನನ್ನ ಕೆಲಸ. ತೊಟ್ಟಿಲ ಕಾರ್ಯದ ಬ್ಯಾನರಿಗೂ ನಾನೇ, ಮದುವೆಗೂ ನಾನೇ, ಕೊನೆಗೆ ಶ್ರದ್ಧಾಂಜಲಿಗೂ ನಾನೇ. ಹೀಗಾಗಿ ಊರಿನ ಹೆಸರುಗಳೆಲ್ಲ ನನ್ನ ಬೆರಳಿನ ಕೆಳಗೆ ಹಾದು ಹೋಗುತ್ತವೆ. ಸತ್ತವರ ಬ್ಯಾನರಿನಲ್ಲಿ ಬಾಯಿತುಂಬ ಕರೆಯುವ ಹಳೆಯ ಹೆಸರುಗಳಿರುತ್ತವೆ, ತುದಿಗೆ ಒಬ್ಬ ಅಪ್ಪನೋ ಅವ್ವನೋ ಅಂಟಿಕೊಂಡಿರುತ್ತಾರೆ. ತೊಟ್ಟಿಲ ಬ್ಯಾನರಿನಲ್ಲಿ ಎರಡಕ್ಷರ, ಹೆಚ್ಚೆಂದರೆ ಮೂರು. ಒಂದು ಹೆಸರು ಒಮ್ಮೆ ಜನರ ಬಾಯಿಗೆ ಹತ್ತಿತೆಂದರೆ ಆ ವರ್ಷವೆಲ್ಲ ಅದೇ. ಹಳೆಯ ಫೈಲು ತೆಗೆದು, ಕೂಸಿನ ಫೋಟೊ ಬದಲಿಸಿ, ಕೆಳಗೆ ಸೋದರಮಾವಂದಿರ ಸಾಲನ್ನು ತಿದ್ದಿದರೆ ಕೆಲಸ ಮುಗಿಯಿತು.

ನನಗೆ ಇದು ಸಿಟ್ಟು ತರುತ್ತಿತ್ತು. ಕೂಸಿನ ಮೂಗು ಬೇರೆ, ಹೆತ್ತವರು ಬೇರೆ, ಮನೆ ಬೇರೆ, ಹೆಸರೊಂದು ಮಾತ್ರ ಅದೇ ಏಕಿರಬೇಕು? ನನಗೊಂದು ಕೂಸಾದರೆ ಹಳೆಯ ಫೈಲಿನಿಂದ ಹೆಸರು ತೆಗೆಯುವುದಿಲ್ಲ ಎಂದು ಎಂದೋ ಹಟ ಹಿಡಿದಿದ್ದೆ. ಆಗಿನ್ನೂ ಮದುವೆಯೇ ಆಗಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜಾತಿ ನನ್ನದು.

ಮದುವೆ ತಡವಾಗಿಯೇ ಆಯಿತು. ಹೆಂಡತಿ ಲಿಂಗಸುಗೂರಿನವಳು. ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿಸಿ ಅವಳನ್ನು ತವರಿಗೆ ಕರೆದುಕೊಂಡು ಹೋದ ಮೇಲೆ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮತ್ತೆ ನಾನೊಬ್ಬನೇ ಉಳಿದೆ. ಒಬ್ಬನೇ ಇರುವುದು ನನಗೆ ಹೊಸದಾಗಿರಲಿಲ್ಲ. ನನ್ನ ಅಪ್ಪ ತುರ್ವಿಹಾಳದಲ್ಲಿ ಹೊಲಗೆಲಸ ಮಾಡಿಕೊಂಡಿದ್ದವನು, ತೀರಿಹೋಗಿ ಕೆಲವು ವರ್ಷವಾಗಿತ್ತು. ಅವ್ವ ನಾನು ಹೈಸ್ಕೂಲಿನಲ್ಲಿರುವಾಗಲೇ ಹೋಗಿದ್ದಳು. ಅಪ್ಪನಿಗೆ ಅಣ್ಣತಮ್ಮ ಅಕ್ಕತಂಗಿಯರಿರಲಿಲ್ಲ, ನನಗೂ ಇಲ್ಲ. ಆದರೆ ಒಬ್ಬರು ಬಂದು ಇದ್ದು ಹೋದ ಮನೆಯಲ್ಲಿ ಒಬ್ಬನೇ ಇರುವುದು ಬೇರೆ. ಅವಳ ಬಳೆಯ ಸದ್ದಿಲ್ಲದ ಮನೆಯಲ್ಲಿ ನನ್ನ ಚಪ್ಪಲಿಯ ಸದ್ದೇ ನನಗೆ ಜೋರಾಗಿ ಕೇಳುತ್ತಿತ್ತು.

ಹೆಣ್ಣು ಕೂಸು ಹುಟ್ಟಿತು. ಹೋಗಿ ನೋಡಿಕೊಂಡು ಬಂದೆ. ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ನನ್ನ ಕಡೆಯವರು ಅಂತ ಈ ಭೂಮಿಯ ಮೇಲೆ ಈಗ ಇಬ್ಬರಾದರು ಎಂದುಕೊಂಡೆ. ಅಳು ಬಂತು, ಆದರೆ ಮಾವನ ಮನೆಯಲ್ಲಿ ಅಳಿಯ ಅಳಬಾರದು ಎಂದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ನಮ್ಮಲ್ಲಿ ತೀರಿಹೋದ ಹಿರಿಯರ ಹೆಸರನ್ನು ಕೂಸಿಗೆ ಇಡುವುದು ರೂಢಿ. ನಿಮ್ಮವ್ವನ ಹೆಸರೇನು ಎಂದು ಅತ್ತೆ ಪ್ರೀತಿಯಿಂದಲೇ ಕೇಳಿದರು. ಹೇಳಿದೆ. ಅವರು ಕೂಸಿನ ಹೊದಿಕೆ ಸರಿಪಡಿಸತೊಡಗಿದರು. ಅವ್ವ ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಇಡುವ ಹೆಸರೊಂದಿದೆಯಲ್ಲ, ಅದನ್ನೇ ಅವಳಿಗೆ ಇಟ್ಟಿದ್ದರು. ಬದುಕಿದಷ್ಟು ದಿನ ಅದಕ್ಕೇ ಓಗೊಟ್ಟಳು. ಅದನ್ನು ಎತ್ತಿಕೊಂಡು ಬಂದು ನನ್ನ ಕೂಸಿನ ಮೇಲೆ ಹೊರಿಸಲು ನಾನು ತಯಾರಿರಲಿಲ್ಲ.

ಹಾಗಂತ ಅವ್ವನನ್ನು ಪೂರ್ತಿ ಬಿಟ್ಟುಬಿಡಲೂ ಆಗಲಿಲ್ಲ. ಅವಳ ಅಕ್ಕಂದಿರಾಗಲಿ ತವರಿನವರಾಗಲಿ ಈಗ ಯಾರೂ ಉಳಿದಿಲ್ಲ, ಅವಳ ಮುಖ ನೆನಪಿರುವವನು ನಾನೊಬ್ಬನೇ. ಫೋಟೊ ಕೂಡ ಇಲ್ಲ. ಊರಿನವರ ಫೋಟೊಗಳಿಗೆ ಹಾರ ಹಾಕಿಸಿ ಬ್ಯಾನರ್ ಮಾಡುವವನ ಮನೆಯಲ್ಲಿ ಹೆತ್ತವಳದೊಂದು ಫೋಟೊ ಇಲ್ಲ. ಯೋಚಿಸುತ್ತ ಕೂತಾಗ ನೆನಪಾದದ್ದು ಮಸ್ಕಿಯ ಹಳ್ಳ. ಅವ್ವನ ತವರು ಅದರ ಪಕ್ಕದ ಹಳ್ಳಿ. ಬೇಸಿಗೆಗೆ ಹೋದರೆ ಅಲ್ಲಿ ನಲ್ಲಿ ಇರಲಿಲ್ಲ, ನಮ್ಮ ತುರ್ವಿಹಾಳದ ಹಾಗೆ ಕಾಲುವೆಯೂ ಇರಲಿಲ್ಲ. ಬತ್ತಿದ ಹಳ್ಳದ ಉಸುಕಿನಲ್ಲಿ ಮೊಣಕೈ ಮುಳುಗುವಷ್ಟು ತೋಡಿ ಒರತೆ ಮಾಡಬೇಕಿತ್ತು. ಮೊದಲು ಬರೀ ಹಸಿ ಉಸುಕು. ನಾನು ಗಡಿಬಿಡಿಯವನು, ಇಲ್ಲಿ ನೀರಿಲ್ಲ, ಬೇರೆ ಕಡೆ ತೋಡೋಣ ಎನ್ನುತ್ತಿದ್ದೆ. ಅವ್ವ ಕುಕ್ಕರಗಾಲಲ್ಲಿ ಕೂತು, ಕುಣಿಯ ಮೇಲಿನ ಕಣ್ಣು ತೆಗೆಯದೆ, "ತಡಿ, ಬರತದ" ಎನ್ನುತ್ತಿದ್ದಳು. ಬರುತ್ತಿತ್ತು. ಮೊದಲು ರಾಡಿ, ಅದನ್ನು ತೋಡಿ ಚೆಲ್ಲಿದ ಮೇಲೆ ತಿಳಿ. ಚಿಪ್ಪಿನಲ್ಲಿ ಮೊಗೆದು ಮೊದಲ ಗುಟುಕು ನನಗೆ ಕುಡಿಸುತ್ತಿದ್ದಳು.

ಒರತೆ. ನನ್ನ ಮಗಳ ಹೆಸರು ಇದೇ ಎಂದು ತೀರ್ಮಾನಿಸಿದೆ. ನಾನು ಟೈಪು ಮಾಡಿದ ಅಷ್ಟು ಬ್ಯಾನರುಗಳಲ್ಲಿ ಒಂದರಲ್ಲಿಯೂ ಬರದ ಹೆಸರು.

ತೀರ್ಮಾನಿಸಿದ ಮರುಗಳಿಗೆಯೇ ಅನುಮಾನ ಶುರುವಾಯಿತು. ಇಷ್ಟು ಚೆಂದದ ಮಾತನ್ನು ಯಾರೂ ಯಾಕೆ ಇಟ್ಟಿಲ್ಲ? ಕೇಳೋಣವೆಂದರೆ ಕೇಳಲು ನನಗೆ ಯಾರಿದ್ದಾರೆ? ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಬ್ಯಾನರ್ ಮಾಡಿ, ಗುಲಾಬಿ ಬಣ್ಣದ ಮೇಲೆ ದೊಡ್ಡಕ್ಷರದಲ್ಲಿ ಆ ಹೆಸರು ಕೂಡಿಸಿದೆ. ನಮ್ಮ ಮಾಲಕರು ಹಿಂದೆ ಬಂದು ನಿಂತು, ಇದು ಯಾವ ನೀರಿನ ಕಂಪನಿಯದು ಎಂದು ಕೇಳಿದರು. ಒಗ್ಗರಣಿ ಮಿರ್ಚಿ ತಿನ್ನುವಾಗ ಹೋಟೆಲಿನಲ್ಲಿ ಪರಿಚಯದವನೊಬ್ಬನಿಗೆ ಹೇಳಿ ನೋಡಿದೆ. ಅವನು ಮಿರ್ಚಿ ಅಗಿಯುವುದನ್ನು ನಿಲ್ಲಿಸಿ, ಅದರ ಅರ್ಥ ಏನು, ಯಾಕೆ, ಎಲ್ಲಿಂದ ತಂದೆ ಎಂದು ವಿಚಾರಣೆಗೆ ಕೂತ. ಅವನ ಮಗನ ಹೆಸರಿನ ಅರ್ಥ ಅವನಿಗೆ ಗೊತ್ತಿಲ್ಲವೆಂದು ನಾನು ಬಲ್ಲೆ. ಅದನ್ನು ಯಾರೂ ಅವನಿಗೆ ಕೇಳಿರಲಿಕ್ಕಿಲ್ಲ.

ಹೆಸರು ಇರುವುದು ಬ್ಯಾನರಿಗಲ್ಲ, ಕರೆಯುವುದಕ್ಕೆ. ಚಪ್ಪಲಿಯನ್ನೇ ಮೆಟ್ಟಿ ನೋಡದೆ ಕೊಳ್ಳುವುದಿಲ್ಲ, ಹೆಸರನ್ನು ಕರೆದು ನೋಡದೆ ಇಡುವುದು ಹೇಗೆ ಎಂದು ಒಂದು ಸಂಜೆ ತಲೆಗೆ ಬಂತು. ಕೆಲಸದಿಂದ ಬಂದವನು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಆಡಲು ಹೋದ ಮಗಳನ್ನು ಊಟಕ್ಕೆ ಕರೆಯುವ ಅಪ್ಪನ ಹಾಗೆ, "ಒರತೀ..." ಎಂದು ಕರೆದೆ. ದನಿ ಹಿತ್ತಲು ದಾಟಿತು. ಇನ್ನೊಂದು ಸಲ ಕರೆದೆ. ಚೆನ್ನಾಗಿತ್ತು. ಸಿಟ್ಟಿನಲ್ಲಿ ಕರೆದರೆ ಹೇಗೆ ಎಂದು ಗದರಿಸಿ ಕರೆದೆ, ಮುದ್ದಿನಲ್ಲಿ ಕರೆದೆ. ಎಷ್ಟು ಹೊತ್ತು ಹಾಗೆ ಕರೆಯುತ್ತ ನಿಂತಿದ್ದೆನೋ, ಪಕ್ಕದ ಕಾಂಪೌಂಡಿನ ಮೇಲೆ ಮನೆಯ ಮಾಲಕರ ಹೆಂಡತಿಯ ತಲೆ ಕಾಣಿಸಿತು. ನಾನು ಅವರನ್ನು ಅಕ್ಕಾರ ಎನ್ನುತ್ತೇನೆ.

"ಯಾರನ್ನ ಕರ್ಯಾಕತ್ತಿಯೋ ತಮ್ಮ?" ಎಂದರು.

ಊರಿನಲ್ಲಿಲ್ಲದ, ಇನ್ನೂ ಹೆಸರಿಲ್ಲದ ಮಗಳನ್ನು ಕರೆಯುತ್ತಿದ್ದೇನೆ ಎಂದು ಹೇಗೆ ಹೇಳಲಿ? "ಬೆಕ್ಕು ರೀ ಅಕ್ಕಾರ" ಎಂದುಬಿಟ್ಟೆ.

ನನ್ನ ಹತ್ತಿರ ಬೆಕ್ಕಿರಲಿಲ್ಲ. ಆದರೆ ನಮ್ಮ ಹಿಂದಿನ ಅಕ್ಕಿ ಗಿರಣಿಯಲ್ಲಿ ಇಲಿ ಹಿಡಿಯುವ ಬೂದು ಬೆಕ್ಕೊಂದಿತ್ತು. ಅಕ್ಕಾರ ದಯೆಯ ಹೆಂಗಸು. ಒಬ್ಬಂಟಿ ಗಂಡಸು ಬೆಕ್ಕಿಗೆ ಏನು ಹಾಕಿಯಾನು ಎಂದುಕೊಂಡರೋ ಏನೋ, ಮರುದಿನದಿಂದ ಡಬ್ಬಿಯ ಮುಚ್ಚಳದಲ್ಲಿ ಹಾಲು ಹಾಕಿ ಕಾಂಪೌಂಡಿನ ಮೇಲಿಟ್ಟು, ಒರತಿ ಒರತಿ ಎಂದು ಕರೆಯತೊಡಗಿದರು. ಹಾಲು ಇದ್ದ ಮೇಲೆ ಬೆಕ್ಕು ಬರದೆ ಇದ್ದೀತೇ? ಬಂತು. ವಾರದೊಳಗೆ ಓಣಿಯ ಹುಡುಗರೂ ಹಾಗೇ ಕರೆದರು. ಗಿರಣಿಯ ಹಮಾಲರೂ ಕರೆದರು. ನನ್ನ ಮಗಳಿಗೆಂದು ಎತ್ತಿಟ್ಟ ಹೆಸರನ್ನು ಬೆಕ್ಕು ಕಚ್ಚಿಕೊಂಡು ಹೋಯಿತು.

ಒಂದು ವಿಷಯ ಮಾತ್ರ ನನಗೆ ಚುರುಕ್ಕೆಂದಿತು. ಇಡೀ ಓಣಿಯಲ್ಲಿ ಒಬ್ಬರೂ ಇದೇನು ಹೆಸರು, ಅರ್ಥವೇನು ಎಂದು ಕೇಳಲಿಲ್ಲ. ಬೆಕ್ಕಿಗೆ ಯಾವ ಹೆಸರೂ ಹೆಚ್ಚಲ್ಲ. ಮನುಷ್ಯರ ಕೂಸಿಗೆ ಬಂದಾಗಲೇ ಜನರಿಗೆ ಜವಾಬು ಬೇಕಾಗುತ್ತದೆ.

ಆ ಭಾನುವಾರ ಲಿಂಗಸುಗೂರಿಗೆ ಹೋದಾಗ ಅತ್ತೆಯ ಮುಂದೆ ಹೆಸರು ಹೇಳಿದೆ. ಅವರ ಕಡೆ ಆಗಲೇ ಒಂದು ಹೆಸರು ಗೊತ್ತಾಗಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಓಣಿಯಲ್ಲೂ ಒಂದು ಕೂಸಿಗೆ ಇದೆ, ಅದೇ. ನಾನು ಅವ್ವನ ಕತೆ, ಹಳ್ಳದ ಕತೆ ಎಲ್ಲ ಹೇಳಿದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ಪೂರ್ತಿ ಕೇಳಿದರು.

ಕೊನೆಗೆ, "ಚಲೋ ಐತ್ರೀ. ಆದ್ರ ಈ ಕೂಸು ಸಾಲ್ಯಾಗ, ಬಸ್ಸಿನ್ಯಾಗ, ಕೇಳಿದವರಿಗೆಲ್ಲ ನಿಮ್ಮವ್ವನ ಕತಿ ಹೇಳ್ಕೋತ ಹೋಗಬೇಕೇನ್ರೀ?" ಎಂದರು.

ನನಗೆ ಉರಿದುಹೋಯಿತು. ಹೇಳಿದರೆ ಏನು ತಪ್ಪು ಎಂದುಕೊಂಡು ಒಳಗೆ ಹೋದೆ. ಹೆಂಡತಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ನೀನೇನು ಅನ್ನುತ್ತೀ ಎಂದು ಕೇಳಿದೆ.

"ನನಗೂ ಸೇರ್ತದ್ರೀ ಅದು. ಆದ್ರ ಆ ಹೆಸರಿನಾಕಿ ಊರಾಗ ಇಕಿ ಒಬ್ಬಾಕಿನ ಆಗ್ತಾಳಲ್ಲ" ಎಂದಳು.

ಒಬ್ಬಳೇ ಆಗಲಿ ಎಂತಲೇ ನಾನು ಹುಡುಕಿದ್ದು ಎಂದೆ. ಅವಳು ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹೇಗೂ ಹೆಸರಿಡುವುದು ತಂದೆಯ ಕಡೆಯವರ ಹಕ್ಕು, ನಿಮ್ಮ ಮನಸ್ಸಿಗೆ ಬಂದದ್ದೇ ಆಗಲಿ ಎಂದು ಮಾವ ತೀರ್ಪು ಕೊಟ್ಟರು. ಗೆದ್ದವನ ಹಾಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ನೋಟವೇ ಕಣ್ಣ ಮುಂದೆ ಇತ್ತು.

ತೊಟ್ಟಿಲ ಕಾರ್ಯದ ದಿನ ಗೊತ್ತಾಯಿತು. ಅತ್ತೆ ಫೋನು ಮಾಡಿ, ನಿಮ್ಮ ಕಡೆಯ ಹೆಣ್ಣುಮಗಳನ್ನು ಕರೆದುಕೊಂಡು ಬನ್ನಿ ಎಂದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ. ಅಪ್ಪನ ಅಕ್ಕನೋ ತಂಗಿಯೋ ಕುಂಚಿಗಿ ತಂದು ಕೂಸಿನ ತಲೆಗೆ ಕಟ್ಟಿ, ಬಗ್ಗಿ ಕಿವಿಯಲ್ಲಿ ಹೆಸರು ಊದಬೇಕು. ಊದುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ನಗುತ್ತ ಗುದ್ದಬೇಕು. ಈ ಶಾಸ್ತ್ರವನ್ನು ನಾನು ಮರೆತೇಬಿಟ್ಟಿದ್ದೆ. ಹೆಸರನ್ನು ಹುಡುಕುವುದರಲ್ಲಿ ಮುಳುಗಿದವನಿಗೆ, ಅದನ್ನು ಹೇಳುವ ಬಾಯಿ ನನ್ನ ಕಡೆ ಒಂದೂ ಇಲ್ಲವೆಂಬುದು ಹೊಳೆದಿರಲೇ ಇಲ್ಲ. ಫೋನು ಇಟ್ಟ ಮೇಲೆ ಬಹಳ ಹೊತ್ತು ಹೊಸ್ತಿಲ ಮೇಲೆ ಕೂತಿದ್ದೆ. ಅವತ್ತಿನಷ್ಟು ಒಂಟಿತನ ನನಗೆ ಅಪ್ಪ ಸತ್ತಾಗಲೂ ಅನ್ನಿಸಿರಲಿಲ್ಲ.

ಮರುದಿನ ಅಕ್ಕಾರನ್ನೇ ಕೇಳಿದೆ. ಮಾತು ಮುಗಿಯುವ ಮೊದಲೇ ಒಪ್ಪಿಕೊಂಡರು. ಹಸಿರು ಖಣದಲ್ಲಿ ತಾವೇ ಕುಂಚಿಗಿ ಹೊಲಿದರು. ಕಾರ್ಯದ ಬೆಳಿಗ್ಗೆ ಹೊಸ ಸೀರೆಯುಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕೂಸಿಗೆ ಯಾವ ಹೆಸರು ಹೇಳಬೇಕು ಎಂದು ಕೇಳಿದರು.

ಹೇಳಲೇಬೇಕಾಯಿತು. ಒರತೆ ಎಂದೆ. ಅವರು ನಕ್ಕು, ಅದು ನಿನ್ನ ಬೆಕ್ಕಿನದಲ್ಲವೇನು ಎಂದರು. ಬೆಕ್ಕು ನನ್ನದಲ್ಲ, ಬೆಕ್ಕೇ ಇರಲಿಲ್ಲ, ಅವತ್ತು ಕರೆದದ್ದು ಮಗಳನ್ನು ಎಂದು ಒಪ್ಪಿಕೊಂಡೆ. ಅಕ್ಕಾರ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ನಗು ನಿಂತಿತು.

"ಮತ್ತ ಅವತ್ತೆಲ್ಲ ಒಬ್ಬಾವನ ಕರಕೋತ ನಿಂತಿದ್ದೇನೋ?" ಎಂದರು.

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು. ಆಮೇಲೆ ಆ ಹೆಸರು ಯಾಕೆ ಎಂದು ಹೇಳತೊಡಗಿದೆ. ಅವ್ವನ ತವರು, ಅವಳ ಹೆಸರು, ಉಸುಕು, ಚಿಪ್ಪು. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, ಏನು ಹೆಸರೆಂದಿರಿ ಎಂದು ಕೇಳಿದರು. ಮತ್ತೆ ಮೊದಲಿನಿಂದ ಹೇಳಿದೆ. ಕಂಡಕ್ಟರನೂ ನಿಂತು ಕೇಳಿದ. ಮಸ್ಕಿ ಬಂದರೂ ನನ್ನ ವಿವರಣೆ ಮುಗಿದಿರಲಿಲ್ಲ, ಗಂಟಲು ಒಣಗಿತ್ತು. ಅಳಿಯನ ಸಿಟ್ಟಿಗೆ ಗುರಿಯಾದ ಅತ್ತೆಯ ಮಾತು ಆಗ ನೆನಪಿಗೆ ಬಂತು. ಸಿಂಧನೂರಿನಿಂದ ಮಸ್ಕಿಯವರೆಗೆ ಹೇಳಿದರೂ ಮುಗಿಯದ ಕತೆಯನ್ನು ನಾನು ಇನ್ನೂ ಕಣ್ಣು ಸರಿಯಾಗಿ ಬಿಡದ ಕೂಸಿನ ಕೊರಳಿಗೆ ಕಟ್ಟಲು ಹೊರಟಿದ್ದೆ.

ಬಸ್ಸು ಹಳ್ಳದ ಸೇತುವೆ ದಾಟಿತು. ಬಗ್ಗಿ ನೋಡಿದೆ. ಜಾಲಿ ಬೆಳೆದಿತ್ತು. ಯಾರೂ ಏನನ್ನೂ ತೋಡುತ್ತಿರಲಿಲ್ಲ.

"ನನಗ ನಿಮ್ಮವ್ವನೂ ಗೊತ್ತಿಲ್ಲ, ಈ ಹಳ್ಳಾನೂ ಗೊತ್ತಿಲ್ಲ ತಮ್ಮ. ಕರದ್ರ ಬೆಕ್ಕು ಓಡಿ ಬರತದ. ಹೆಸರಿಗೆ ಅಷ್ಟಾದ್ರ ಸಾಕು. ನೀ ಯಾವುದು ಹೇಳಂತೀಯೋ ಅದನ್ನ ಹೇಳತೀನಿ" ಎಂದರು ಅಕ್ಕಾರ.

ಮಾವನ ಮನೆಯ ಅಂಗಳ ಹೆಂಗಸರಿಂದ ತುಂಬಿತ್ತು. ನಾನು ಮೂಲೆಯ ಕುರ್ಚಿಯಲ್ಲಿ ಕೂತೆ. ಅಳಿಯನಿಗೆ ಮರ್ಯಾದೆಯಿಂದ ಚಹಾ ಕೊಡುತ್ತಾರೆ, ಮಾತಿಗೆ ಮಾತ್ರ ಯಾರೂ ಸಿಗುವುದಿಲ್ಲ. ಯಾರೋ ಹೆಂಗಸು ಬಾಗಿಲಲ್ಲಿ ನಿಂತು ತನ್ನ ಮಗಳನ್ನು ಕರೆದಳು. ಅತ್ತೆ ಗೊತ್ತು ಮಾಡಿದ್ದ ಅದೇ ಹೆಸರು, ನಾನು ಟೈಪು ಮಾಡಿ ಮಾಡಿ ಬೇಸತ್ತ ಹೆಸರು. ಆಡುತ್ತಿದ್ದ ಮಕ್ಕಳ ಗುಂಪಿನಿಂದ ಇಬ್ಬರು ಹುಡುಗಿಯರು ಒಟ್ಟಿಗೆ ಓಗೊಟ್ಟು ಓಡಿ ಬಂದರು. ನಿನ್ನನ್ನಲ್ಲ, ಅವಳನ್ನು ಎಂದಳು ಆ ಹೆಂಗಸು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ಕೈ ಹಿಡಿದುಕೊಂಡೇ ವಾಪಸು ಓಡಿದರು.

ನಾನು ಅವರು ಓಡಿದ ಕಡೆಯೇ ನೋಡುತ್ತ ಕೂತೆ. ನನ್ನನ್ನು ಕರೆದಾಗ ನನ್ನ ಜೊತೆ ಯಾರೂ ಎಂದೂ ತಿರುಗಿ ನೋಡಿದ್ದಿಲ್ಲ.

ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಹಾಕಿ ತೂಗಿದರು. ಆಮೇಲೆ ಕೂಸನ್ನು ಮೇಲಿಂದ ಕೆಳಗಿಂದ ದಾಟಿಸಿ ಮಲಗಿಸಿದರು. ಅಕ್ಕಾರ ಹಸಿರು ಕುಂಚಿಗಿಯನ್ನು ಕಟ್ಟಿದರು. ಬಗ್ಗುವ ಮೊದಲು ತಲೆಯೆತ್ತಿ ನನ್ನನ್ನು ನೋಡಿದರು. ತೊಟ್ಟಿಲ ಆ ಕಡೆಯಿಂದ ಹೆಂಡತಿಯೂ ನೋಡುತ್ತಿದ್ದಳು. ಗುದ್ದಲು ಹೆಂಗಸರು ಆಗಲೇ ಕೈಯೆತ್ತಿದ್ದರು.

ನಾನು ಅತ್ತೆ ಗೊತ್ತು ಮಾಡಿದ್ದ ಹೆಸರನ್ನೇ ಹೇಳಿದೆ.

ಅಕ್ಕಾರ ಒಂದು ಗಳಿಗೆ ನನ್ನನ್ನೇ ನೋಡಿ, ಬಗ್ಗಿ ಕಿವಿಯಲ್ಲಿ ಊದಿದರು. ಹೆಂಗಸರು ದಬದಬ ಗುದ್ದಿದರು. ನನ್ನ ಅಕ್ಕನಾಗಿ ಬಂದವರು ನನಗಾಗಿ ಆ ಗುದ್ದು ತಿಂದು ನಗುತ್ತಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವನನ್ನು ಎರಡನೇ ಸಲ ಕಳುಹಿಸಿಕೊಟ್ಟ ಹಾಗೆ ಒಳಗೆ ನೋಯುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿ ನನ್ನ ಎಲೆಗೆ ತಾನೇ ಬಂದು ಹೋಳಿಗೆ ಬಡಿಸಿದಳು, ಬೇಡವೆಂದರೂ ಇನ್ನೊಂದು ಹಾಕಿದಳು.

ತಾಯಿ ಮಗಳು ತವರಿನಿಂದ ಬರಲು ಇನ್ನೂ ತಿಂಗಳುಗಳಿದ್ದವು. ಸಂಜೆ ಸಿಂಧನೂರಿಗೆ ಬಂದು ಬೀಗ ತೆಗೆದೆ. ಹಿಂಬಾಗಿಲು ತೆರೆದರೆ ಬೂದು ಬೆಕ್ಕು ಮೆಟ್ಟಿಲ ಮೇಲೆ ಕೂತಿತ್ತು. ಬೆಳಗಿನಿಂದ ಅಕ್ಕಾರ ನನ್ನ ಜೊತೆಗೇ ಇದ್ದುದರಿಂದ ಅದಕ್ಕೆ ಯಾರೂ ಹಾಲು ಹಾಕಿರಲಿಲ್ಲ. ಮುಚ್ಚಳಕ್ಕೆ ಹಾಲು ಹಾಕಿ ಕರೆದೆ, ಮೊದಲ ಸಲ ಬೆಕ್ಕನ್ನೇ. ಬಂದು ಕುಡಿಯಿತು. ಇಡೀ ದಿನ ಹೇಳಬೇಕೆಂದು ಇಟ್ಟುಕೊಂಡ ಹೆಸರು ಅಲ್ಲಿ ಖರ್ಚಾಯಿತು.

ಈಗ ಮಗಳಿಗೆ ಮಾತು ಬಂದಿದೆ. ಓಣಿಯಲ್ಲಿ ಅವಳ ಹೆಸರಿನ ಇನ್ನೊಬ್ಬಳಿದ್ದಾಳೆ, ಇಬ್ಬರೂ ದಿನವಿಡೀ ಜೋಡಿ. ಅವಳ ಹೆಸರಿನ ಅರ್ಥವನ್ನು ಯಾರೂ ಕೇಳಿಲ್ಲ, ಕೇಳಿದರೆ ನನಗೂ ಗೊತ್ತಿಲ್ಲ. ಅವ್ವನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಇಷ್ಟು ಸಣ್ಣವಳಿಗೆ ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು?

ಮೊನ್ನೆ ಕೆಲಸದಿಂದ ಬಂದಾಗ ಅವಳು ಅಡುಗೆಮನೆಯ ಹಿಂಬಾಗಿಲಲ್ಲಿ, ನಾನು ಅವತ್ತು ನಿಂತ ಜಾಗದಲ್ಲೇ, ಹಾಲಿನ ಮುಚ್ಚಳ ಹಿಡಿದು ನಿಂತಿದ್ದಳು. "ಒರತೀ..." ಎಂದು ಹಿತ್ತಲಿಗೆ ಕರೆದಳು. ಇನ್ನೊಂದು ಸಲ ಕರೆದಳು. ಬೆಕ್ಕಿನ ಸುಳಿವಿಲ್ಲ. ಅದಕ್ಕೂ ಈಗ ವಯಸ್ಸಾಗಿದೆ, ಗಿರಣಿಯಿಂದ ಇಳಿದು ಬರಲು ಹೊತ್ತು ಹಿಡಿಯುತ್ತದೆ. ನನ್ನ ಹಳೆಯ ಗಡಿಬಿಡಿ ಎಲ್ಲಿ ಹೋದೀತು, ಇವತ್ತು ಬರುವುದಿಲ್ಲ, ಒಳಗೆ ಬಾ ಎಂದೆ.

ಅವಳು ಕುಕ್ಕರಗಾಲಲ್ಲಿ ಕೂತು ಮುಚ್ಚಳವನ್ನು ನೆಲಕ್ಕಿಟ್ಟಳು. ಗಿರಣಿಯ ಗೋಡೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ತಡಿ ಅಪ್ಪಾ, ಬರತದ" ಎಂದಳು.

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ.